ಹಾಸನ ಸೀಮೆಯ ಗಾದೆಗಳಲ್ಲಿ ರೂಪಕ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಆಡುಮಾತಿನಲ್ಲಿ ಬಳಕೆಯಲ್ಲಿರುವ ಗಾದೆಗಳು ಬಹುಮಟ್ಟಿಗೆ ರೂಪಕದ ಮೂಲಕ ಅರ್ಥವನ್ನು ಹೇಳುತ್ತವೆ. ಇವು ಈ ಸೀಮೆಗಷ್ಟೇ ಸೇರಿದವಲ್ಲ. ಹಳೆಯ ಮೈಸೂರು ಪ್ರಾಂತ್ಯದಲ್ಲೆಲ್ಲ ಕೇಳಿಬರುತ್ತವೆ. ಆದರೆ ಅವುಗಳ ಸಾಮಗ್ರಿಯಾದ ಕೆರೆ, ಎತ್ತು, ಬೇಲಿ, ಒರಳುಗಳು ರಾಗಿ ಬೆಳೆಯುವ ಇಲ್ಲಿನ ಬದುಕಿಗೆ ಸೇರಿದವು.

== ಸ್ವರೂಪ ==

ಉಪಮೇಯ ಮತ್ತು ಉಪಮಾನಗಳಿಗೆ ಅಭೇದವನ್ನು ಹೇಳುವುದು ರೂಪಕಾಲಂಕಾರ. 9ನೆಯ ಶತಮಾನದ 'ಕವಿರಾಜಮಾರ್ಗ'ದಲ್ಲಿಯೂ ಅಲಂಕಾರಗಳ ವಿವೇಚನೆಯಿದೆ. ಗಾದೆಯಲ್ಲಿ ಉಪಮೇಯವು ಸಾಮಾನ್ಯವಾಗಿ ಮಾತಿನ ಹೊರಗೇ ಉಳಿಯುತ್ತದೆ. 'ತುಂಬಿದ ಕೊಡ ತುಳುಕುವುದಿಲ್ಲ' ಎಂಬಲ್ಲಿ ಕೊಡವಿದೆ, ವಿದ್ವಾಂಸನಿಲ್ಲ. ಆದ್ದರಿಂದ ಶಾಸ್ತ್ರದ ದೃಷ್ಟಿಯಲ್ಲಿ ಇದು ಅನ್ಯೋಕ್ತಿ ಎನಿಸುತ್ತದೆ. ವಿಶಾಲಾರ್ಥದಲ್ಲಿ ಮಾತ್ರ ರೂಪಕ. 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬುದು 'ಅಂತೆ' ಎಂಬ ವಾಚಕದಿಂದ ಉಪಮೆಗೆ ಸಮೀಪವಾಗಿದೆ. 'ಭರಣಿ ಮಳೆ ಬಂದರೆ ಧರಣಿ ಬೆಳೆ' ಎಂಬಂತಹ ಮಳೆಯ ಗಾದೆಗಳಲ್ಲಿ ರೂಪಕವೇ ಇಲ್ಲ. ಅವು ಬೇಸಾಯದ ಅನುಭವವನ್ನು ನೇರವಾಗಿ ಹೇಳುತ್ತವೆ.

== ಎತ್ತು ಮತ್ತು ಕೋಣ ==

'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು' ಎಂಬ ಗಾದೆ ಕೆರೆಯನ್ನು ಕಣ್ಣ ಮುಂದೆ ತರುತ್ತದೆ. ಬಿಸಿಲು ಏರಿದಂತೆ ಕೋಣ ನೀರಿನತ್ತ ಜಗ್ಗುತ್ತದೆ, ಎತ್ತು ಒಣನೆಲವನ್ನೇ ಬಯಸುತ್ತದೆ. ಎರಡನ್ನೂ ಒಂದೇ ನೊಗಕ್ಕೆ ಹೂಡಿದರೆ ನೇಗಿಲು ಸಾಗದು. ಗಂಡಹೆಂಡಿರ ವಿರಸಕ್ಕೂ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯಕ್ಕೂ ಈ ಮಾತು ಸಲ್ಲುತ್ತದೆ. ಇಲ್ಲಿ ಯಾವ ಪ್ರಾಣಿಯೂ ತಪ್ಪಿತಸ್ಥನಲ್ಲ. ಎರಡೂ ತಮ್ಮ ತಮ್ಮ ಸ್ವಭಾವದಂತೆ ನಡೆಯುತ್ತವೆ. ನ್ಯಾಯ ಹೇಳುವ ಹಿರಿಯರಿಗೆ ಎರಡು ಕಡೆಯವರನ್ನೂ ನೋಯಿಸದೆ ಮಾತನಾಡಲು ಇದರಿಂದ ಅನುಕೂಲವಾಗುತ್ತದೆ.

== ಹೆಸರಿಸದೆ ಹೇಳುವುದು ==

ಉಪಮೇಯ ಮರೆಯಾಗಿರುವುದರಿಂದ ಬಲವಿಲ್ಲದವರೂ ಬಲ್ಲಿದರನ್ನು ಟೀಕಿಸಬಲ್ಲರು. ಕಾಯಬೇಕಾದವರೇ ಕಬಳಿಸಿದಾಗ ಬೇಲಿಯ ಮಾತು ಸಾಕು, ಹೆಸರು ಬೇಡ. ಇದೇ ಮರೆ ಹೀನಾಯಕ್ಕೂ ಆಸರೆಯಾಗಿದೆ. ಹೆಣ್ಣನ್ನೂ ಕೆಲವು ಜಾತಿಗಳನ್ನೂ ಹಳಿಯುವ ಗಾದೆಗಳು ಕಡಿಮೆಯಲ್ಲ. ಅವನ್ನು ಜನಪದದ ವಿವೇಕವೆಂದು ಕೊಂಡಾಡುವುದು ಯುಕ್ತವಲ್ಲ.

== ಇಂದಿನ ಬಳಕೆ ==

1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡು ಕಾಲುವೆಗಳು ಬಂದವು. ಮುಂದೆ ಟ್ರ್ಯಾಕ್ಟರು ನೊಗದ ಸ್ಥಾನವನ್ನು ಪಡೆಯಿತು. 'ಒರಳಿನಲ್ಲಿ ತಲೆಯಿಟ್ಟು ಒನಕೆಗೆ ಹೆದರಿದರೆ ಹೇಗೆ' ಎಂಬುದನ್ನು ಒನಕೆಯನ್ನೇ ಕಾಣದ ಮಕ್ಕಳು ಈಗ ಓದುತ್ತಾರೆ. ಶಾಲಾ ಪರೀಕ್ಷೆಗಳ ಗಾದೆ ವಿಸ್ತರಣೆಯಲ್ಲಿ ಪ್ರತಿ ಗಾದೆಗೂ ಒಂದೇ ನೀತಿ ನಿಗದಿಯಾಗಿರುತ್ತದೆ. ಆಡುಮಾತಿನಲ್ಲಿ ಹಾಗಿಲ್ಲ, ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟಿನಲ್ಲಿ ಅನೇಕ ಗಾದೆಗಳು ದಾಖಲಾಗಿವೆ, ಆದರೆ ಅವನ್ನು ಆಡಿದ ಸಂದರ್ಭಗಳು ಅಲ್ಲಿ ಸಿಗುವುದಿಲ್ಲ.