ಡೀಸೆಲ್ ಎಂಜಿನ್ ದೋಣಿಯಲ್ಲಿ ಇರಬೇಕಾದ ಹತ್ಯಾರುಗಳು ಮತ್ತು ಬಿಡಿಭಾಗಗಳು

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಯಾಂತ್ರೀಕೃತ ಮೀನುಗಾರಿಕಾ ದೋಣಿಗಳಿಗೆ ಡೀಸೆಲ್ ಎಂಜಿನ್ನೇ ಜೀವಾಳ. ದೋಣಿಯ ಚಲನೆ, ಬಲೆ ಎಳೆಯುವ ವಿಂಚ್, ಬ್ಯಾಟರಿಯ ಚಾರ್ಜು, ಅನೇಕ ದೋಣಿಗಳಲ್ಲಿ ತಳದ ನೀರನ್ನು ಹೊರಹಾಕುವ ಪಂಪು ಇವೆಲ್ಲವೂ ಅದನ್ನೇ ಅವಲಂಬಿಸಿವೆ. ಹೊಲದಲ್ಲಿ ಟ್ರ್ಯಾಕ್ಟರ್ ನಿಂತರೆ ಮೆಕ್ಯಾನಿಕ್ ಅಲ್ಲಿಗೆ ಬರಬಹುದು. ಕಡಲಿನಲ್ಲಿ ನಿಂತ ದೋಣಿಗೆ ಆ ಅನುಕೂಲವಿಲ್ಲ. ಅದರಲ್ಲೂ ಅಳಿವೆಯನ್ನು ದಾಟುವಾಗ ಎಂಜಿನ್ ನಿಂತರೆ, ಕೆಲವೇ ನಿಮಿಷಗಳಲ್ಲಿ ಅಲೆಗಳು ದೋಣಿಯನ್ನು ಅಡ್ಡಲಾಗಿ ತಿರುಗಿಸಿ ಮರಳುದಿಣ್ಣೆಗೆ ಅಥವಾ ತಡೆಗೋಡೆಯ ಕಲ್ಲುಗಳಿಗೆ ತಳ್ಳಬಲ್ಲವು.

ಆದುದರಿಂದ ಹತ್ಯಾರು ಪೆಟ್ಟಿಗೆಯನ್ನು ಸಿದ್ಧಪಡಿಸುವಾಗ ಒಂದು ಮಾತನ್ನು ನೆನಪಿನಲ್ಲಿಡಬೇಕು: ಕಡಲಿನಲ್ಲಿ ಎಂಜಿನ್ನನ್ನು ಪೂರ್ಣವಾಗಿ ಬಿಚ್ಚಿ ದುರಸ್ತಿ ಮಾಡುವುದು ನಮ್ಮ ಗುರಿಯಲ್ಲ; ದೋಣಿಯು ಸ್ವಂತ ಬಲದಿಂದ ಬಂದರಿಗೆ ಮರಳುವಂತೆ ಮಾಡುವುದೇ ಗುರಿ. ದೋಣಿಯನ್ನು ಸಾಮಾನ್ಯವಾಗಿ ನಿಲ್ಲಿಸುವ ದೋಷಗಳು ಯಾವುವೆಂದು ಮೊದಲು ತಿಳಿದು, ಅವುಗಳಿಗೆ ಬೇಕಾದ ಸಾಮಗ್ರಿಯನ್ನು ಇಟ್ಟುಕೊಂಡರೆ ಒಂದು ಸಾಧಾರಣ ಪೆಟ್ಟಿಗೆಯೇ ಸಾಕಾಗುತ್ತದೆ.

ಎಂಜಿನ್ ನಿಂತಾಗ ಹತ್ಯಾರು ಹಿಡಿಯುವ ಮುನ್ನ

1. ಗೇರನ್ನು ನ್ಯೂಟ್ರಲ್‌ಗೆ ತನ್ನಿರಿ.
2. ಆಳ ಕಡಿಮೆಯಿದ್ದಲ್ಲಿ ಅಥವಾ ಗಾಳಿ ದಡದ ಕಡೆಗೆ ಬೀಸುತ್ತಿದ್ದಲ್ಲಿ ಕೂಡಲೇ ಲಂಗರು ಹಾಕಿರಿ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ನಂತರ ಕಡಲಗಾಳಿ ದಡದತ್ತ ಬೀಸುವುದರಿಂದ ಇದು ಬಹು ಮುಖ್ಯ. ಅಳಿವೆಯನ್ನು ಸಮೀಪಿಸುವ ಮೊದಲೇ ಲಂಗರನ್ನು ಹಗ್ಗಸಹಿತ ಸಿದ್ಧವಾಗಿಟ್ಟುಕೊಂಡಿರಬೇಕು.
3. ಎಲ್ಲರೂ ಜೀವರಕ್ಷಕ ಜಾಕೆಟ್ ಧರಿಸಬೇಕು.
4. ಜಿ.ಪಿ.ಎಸ್. ತೋರಿಸುವ ಸ್ಥಾನವನ್ನು ಬರೆದಿಟ್ಟುಕೊಂಡು, ಸಮೀಪದ ದೋಣಿಗಳಿಗೆ ವೈರ್‌ಲೆಸ್ ಮೂಲಕ ತಿಳಿಸಿರಿ.
5. ಎಂಜಿನ್ ಕೋಣೆಯ ತಳದಲ್ಲಿ ನೀರು ಏರುತ್ತಿದೆಯೇ ಎಂದು ನೋಡಿರಿ. ನೀರು ಏರುತ್ತಿದ್ದರೆ ಮೊದಲು ಅದನ್ನು ತಡೆಯಬೇಕು. ಎಂಜಿನ್ನಿನ ಕೆಲಸ ಆ ಬಳಿಕ.

ಮೂಲ ಹತ್ಯಾರುಗಳು

ಪ್ರತಿಯೊಂದು ದೋಣಿಯಲ್ಲಿಯೂ ಈ ಕೆಳಗಿನವು ಇರಬೇಕು:

- 6 ರಿಂದ 32 ಮಿ.ಮೀ. ವರೆಗಿನ ರಿಂಗ್ ಮತ್ತು ಓಪನ್ ಸ್ಪ್ಯಾನರುಗಳು. ಹೆಚ್ಚಾಗಿ ಬಳಕೆಯಾಗುವ 10, 12, 13, 14, 17, 19 ಮಿ.ಮೀ. ಅಳತೆಗಳು ಎರಡೆರಡು
- ಸಾಕೆಟ್ ಸೆಟ್, ಅಲೆನ್ ಕೀ ಸೆಟ್
- ದೊಡ್ಡ ಸ್ಕ್ರೂ ಸ್ಪ್ಯಾನರ್ ಒಂದು, ಪೈಪ್ ರೆಂಚ್ ಒಂದು
- ಚಪ್ಪಟೆ ಮತ್ತು ನಕ್ಷತ್ರ ತುದಿಯ ಸ್ಕ್ರೂಡ್ರೈವರುಗಳು
- ಇಕ್ಕಳ, ಕತ್ತರಿ ಇಕ್ಕಳ, ಸುತ್ತಿಗೆ, ಚಾಣ, ಅರ
- ಹ್ಯಾಕ್ಸಾ ಮತ್ತು ಹೆಚ್ಚುವರಿ ಬ್ಲೇಡುಗಳು
- ಫಿಲ್ಟರ್ ಬಿಚ್ಚುವ ಪಟ್ಟಿ ಸ್ಪ್ಯಾನರ್
- ಮಲ್ಟಿಮೀಟರ್
- ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಎರಡು (ಇಕ್ಕಟ್ಟಿನ ಎಂಜಿನ್ ಕೋಣೆಯಲ್ಲಿ ಎರಡು ಕೈಗಳೂ ಬಿಡುವಾಗಿರಬೇಕು)
- ಇನ್ಸುಲೇಷನ್ ಟೇಪು, ರಬ್ಬರ್ ಟೇಪು, ಕಟ್ಟುತಂತಿ, ಚಿಂದಿ ಬಟ್ಟೆ, ಕೈಗವಸು

ಅಂಗಡಿಯಲ್ಲಿ ದೊರೆಯುವ ಸಿದ್ಧ ಸೆಟ್ಟು ನಿಮ್ಮ ಎಂಜಿನ್ನಿಗೆ ಹೊಂದುತ್ತದೆಂದು ಭಾವಿಸಬಾರದು. ದೋಣಿ ಬಂದರಿನಲ್ಲಿರುವಾಗಲೇ ಫಿಲ್ಟರ್, ಗಾಳಿ ತೆಗೆಯುವ ತಿರುಪು, ನೀರಿನ ಪಂಪಿನ ಮುಚ್ಚಳ, ಬೆಲ್ಟ್ ಬಿಗಿ ಮಾಡುವ ಬೋಲ್ಟು, ಬ್ಯಾಟರಿ ಟರ್ಮಿನಲ್, ಶಾಫ್ಟಿನ ಗ್ಲ್ಯಾಂಡ್ ನಟ್ಟು ಇವುಗಳಿಗೆ ಸ್ಪ್ಯಾನರನ್ನು ಹಾಕಿ ನೋಡಿರಿ. ಹೊಂದುವ ಅಳತೆಯನ್ನು ಎಂಜಿನ್ ಕೋಣೆಯ ಗೋಡೆಯ ಮೇಲೆ ಬಣ್ಣದಿಂದ ಬರೆದಿಡಿರಿ.

ಇಂಧನದ ದೋಷಗಳು

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿದಾಗ ಉಂಟಾಗುವ ಶಾಖದಿಂದಲೇ ಡೀಸೆಲ್ ಉರಿಯುತ್ತದೆ. ಆದುದರಿಂದ ಶುದ್ಧ ಇಂಧನ, ಸಾಕಷ್ಟು ಗಾಳಿ ಮತ್ತು ಸ್ಟಾರ್ಟ್ ಮಾಡಲು ಬೇಕಾದ ವೇಗ ಇವು ಮೂರೂ ದೊರೆತರೆ ಎಂಜಿನ್ ಬಹುಮಟ್ಟಿಗೆ ಚಾಲೂ ಆಗುತ್ತದೆ. ಓಡುತ್ತಿದ್ದ ಎಂಜಿನ್ ವೇಗ ಕುಗ್ಗಿ, ಏರಿಳಿದು ನಿಂತರೆ ಮೊದಲು ಇಂಧನವನ್ನೇ ಶಂಕಿಸಬೇಕು. ದೋಣಿ ಹೊಯ್ದಾಡಿದಾಗ ಟ್ಯಾಂಕಿನ ತಳದಲ್ಲಿದ್ದ ನೀರು ಮತ್ತು ಕೆಸರು ಮೇಲೆದ್ದು ಫಿಲ್ಟರನ್ನು ಕಟ್ಟುತ್ತವೆ. ಅಳಿವೆಯ ಅಬ್ಬರದಲ್ಲಿಯೇ ಎಂಜಿನ್ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಇಟ್ಟುಕೊಳ್ಳಬೇಕಾದವು: ಪ್ರಾಥಮಿಕ ಮತ್ತು ದ್ವಿತೀಯ ಫಿಲ್ಟರುಗಳು ಕನಿಷ್ಠ ಎರಡೆರಡು, ಅವುಗಳ ರಬ್ಬರ್ ರಿಂಗುಗಳು, ತಾಮ್ರದ ವಾಷರುಗಳು, ಡೀಸೆಲ್ ಹೋಸಿನ ಒಂದು ತುಂಡು, ಕ್ಲಿಪ್ಪುಗಳು, ಪಾರದರ್ಶಕ ಬಾಟಲಿ, ಸ್ವಚ್ಛವಾದ 5 ಲೀಟರ್ ಡೀಸೆಲ್.

ಫಿಲ್ಟರ್ ಬದಲಿಸಿದ ಬಳಿಕ ಕೊಳವೆಯಲ್ಲಿ ಸೇರಿದ ಗಾಳಿಯನ್ನು ತೆಗೆಯುವ ಕ್ರಮ:

1. ಟ್ಯಾಂಕಿನ ಕವಾಟ ತೆರೆದಿದೆಯೇ, ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ ನೋಡಿರಿ.
2. ಫಿಲ್ಟರಿನ ಮೇಲಿನ ತಿರುಪನ್ನು ಸ್ವಲ್ಪ ಸಡಿಲಿಸಿರಿ. ಕೆಳಗೆ ಬಟ್ಟೆ ಹಿಡಿಯಿರಿ.
3. ಗುಳ್ಳೆಗಳಿಲ್ಲದ ಡೀಸೆಲ್ ಹೊರಬರುವವರೆಗೆ ಕೈಪಂಪನ್ನು ಒತ್ತುತ್ತಿರಿ. ಪಂಪು ನಡೆಯುತ್ತಿರುವಂತೆಯೇ ತಿರುಪನ್ನು ಬಿಗಿ ಮಾಡಿರಿ.
4. ಇಂಜೆಕ್ಷನ್ ಪಂಪಿನ ತಿರುಪಿನಲ್ಲಿಯೂ ಹೀಗೆಯೇ ಮಾಡಿರಿ.
5. ಚೆಲ್ಲಿದ ಡೀಸೆಲನ್ನು ಒರೆಸಿ, ನಂತರ ಸ್ಟಾರ್ಟ್ ಮಾಡಿರಿ. ಸ್ಟಾರ್ಟರನ್ನು ಒಮ್ಮೆಗೆ 10 ರಿಂದ 15 ಸೆಕೆಂಡಿಗಿಂತ ಹೆಚ್ಚು ಕಾಲ ಒತ್ತಬಾರದು. ಪ್ರಯತ್ನಗಳ ನಡುವೆ ಒಂದು ನಿಮಿಷ ಬಿಡಿರಿ.

ಎಚ್ಚರಿಕೆ: ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸಬಾರದು. ಹಾಗೆ ಗಾಯವಾದಲ್ಲಿ ಗಾಯ ಸಣ್ಣದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಾಮನ್ ರೈಲ್ ಮಾದರಿಯ ಹೊಸ ಎಂಜಿನ್ನುಗಳಲ್ಲಿ ಅಧಿಕ ಒತ್ತಡದ ಕೊಳವೆಗಳನ್ನು ಕಡಲಿನಲ್ಲಿ ಸಡಿಲಿಸಲೇಬಾರದು.

ತಂಪುಗೊಳಿಸುವ ವ್ಯವಸ್ಥೆ

ಎಂಜಿನ್ನಿನ ಉಷ್ಣಾಂಶ ಏರಿದರೆ ವೇಗ ತಗ್ಗಿಸಿ, ಹೊರಬೀಳುವ ಕಡಲನೀರಿನ ಧಾರೆ ಸರಿಯಾಗಿದೆಯೇ ನೋಡಿರಿ. ಧಾರೆ ನಿಂತಿದ್ದರೆ ಎಂಜಿನ್ ನಿಲ್ಲಿಸಿ, ದೋಣಿಯ ತಳದ ಕವಾಟವನ್ನು ಮುಚ್ಚಿ, ಜಾಲರಿಯನ್ನು ತೆರೆಯಿರಿ. ಪ್ಲಾಸ್ಟಿಕ್ ಚೀಲ, ಪಾಚಿ, ಅಂಬಲಿ ಮೀನುಗಳು ಅಲ್ಲಿ ಸಿಕ್ಕಿಕೊಂಡಿರಬಹುದು. ಜಾಲರಿ ಶುಚಿಯಾಗಿದ್ದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರನ್ನು ಪರೀಕ್ಷಿಸಿರಿ. ನೀರಿಲ್ಲದೆ ತಿರುಗಿದರೆ ಅದು ಅಲ್ಪ ಸಮಯದಲ್ಲಿಯೇ ಹರಿಯುತ್ತದೆ. ಅದರ ಎಸಳು ಮುರಿದಿದ್ದರೆ ಮುರಿದ ತುಂಡನ್ನು ಹುಡುಕಿ ತೆಗೆಯಬೇಕು. ಇಲ್ಲವಾದರೆ ಅದು ಮುಂದಿನ ಕೊಳವೆಯನ್ನು ಕಟ್ಟುತ್ತದೆ.

ಇಟ್ಟುಕೊಳ್ಳಬೇಕಾದವು: ಇಂಪೆಲ್ಲರ್ ಮತ್ತು ಮುಚ್ಚಳದ ಗ್ಯಾಸ್ಕೆಟ್, ಎಂಜಿನ್ನಿಗೆ ಹೊಂದುವ ಎಲ್ಲ ಅಳತೆಯ ಬೆಲ್ಟುಗಳು, ನೀರಿನ ಹೋಸಿನ ತುಂಡುಗಳು, ತುಕ್ಕು ಹಿಡಿಯದ ಉಕ್ಕಿನ ಕ್ಲಿಪ್ಪುಗಳು, ಕೂಲೆಂಟ್, ಎಂಜಿನ್ ಆಯಿಲ್, ಗೇರ್ ಆಯಿಲ್. ಬಿಸಿಯಾಗಿರುವ ಎಂಜಿನ್ನಿನ ನೀರಿನ ಮುಚ್ಚಳವನ್ನು ತೆರೆಯಬಾರದು. ಕುದಿನೀರು ಚಿಮ್ಮಿ ಸುಟ್ಟಗಾಯವಾಗುತ್ತದೆ.

ಬ್ಯಾಟರಿ ಮತ್ತು ವಿದ್ಯುತ್

12 ವೋಲ್ಟಿನ ಬ್ಯಾಟರಿ ಪೂರ್ಣ ಚಾರ್ಜಾಗಿ ವಿರಮಿಸಿದ್ದಾಗ ಮಲ್ಟಿಮೀಟರ್ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ವೋಲ್ಟ್ ಎಂದರೆ ಸುಮಾರು ಅರ್ಧದಷ್ಟು ಚಾರ್ಜು. ಎಂಜಿನ್ ಓಡುತ್ತಿರುವಾಗ 13.8 ರಿಂದ 14.4 ವೋಲ್ಟ್ ಕಂಡುಬಂದರೆ ಚಾರ್ಜಿಂಗ್ ಸರಿಯಿದೆ. 24 ವೋಲ್ಟಿನ ದೋಣಿಗಳಲ್ಲಿ ಈ ಅಂಕಿಗಳನ್ನು ಇಮ್ಮಡಿಗೊಳಿಸಿಕೊಳ್ಳಿರಿ. ಉಪ್ಪುಗಾಳಿಯಿಂದ ಟರ್ಮಿನಲ್ಲುಗಳ ಮೇಲೆ ಕಟ್ಟುವ ಕಿಲುಬೇ ಎಷ್ಟೋ ಬಾರಿ ಸ್ಟಾರ್ಟ್ ಆಗದಿರಲು ಕಾರಣ. ತಂತಿ ಬ್ರಷ್ಷಿನಿಂದ ಉಜ್ಜಿ, ಬಿಗಿ ಮಾಡಿ, ಗ್ರೀಸ್ ಸವರಿರಿ.

ಬಿಚ್ಚುವಾಗ ನೆಗೆಟಿವ್ ತಂತಿಯನ್ನು ಮೊದಲು ತೆಗೆಯಬೇಕು, ಜೋಡಿಸುವಾಗ ಕೊನೆಗೆ ಹಾಕಬೇಕು. ಬ್ಯಾಟರಿಯ ಬಳಿ ಬಳಸುವ ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಿರಿ. ಚಾರ್ಜಾಗುವಾಗ ಹೊರಬರುವ ಅನಿಲ ಕಿಡಿ ತಗುಲಿದರೆ ಸ್ಫೋಟಗೊಳ್ಳುತ್ತದೆ. ಬೇಕಾದ ಅಳತೆಯ ಫ್ಯೂಸುಗಳು, ಬಲ್ಬುಗಳು, ಒಂದಿಷ್ಟು ವೈರು ಮತ್ತು ಜಂಪರ್ ಕೇಬಲ್ ಪೆಟ್ಟಿಗೆಯಲ್ಲಿರಲಿ.

ಶಾಫ್ಟು, ಚುಕ್ಕಾಣಿ ಮತ್ತು ಸೋರಿಕೆ

ಹಗ್ಗದ ಪ್ಯಾಕಿಂಗ್ ಇರುವ ಗ್ಲ್ಯಾಂಡಿನಿಂದ ಶಾಫ್ಟು ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕುವುದು ಸಹಜ. ಧಾರೆಯಾಗಿ ಬಂದರೆ ಎರಡೂ ನಟ್ಟುಗಳನ್ನು ಸಮವಾಗಿ, ಸ್ವಲ್ಪಸ್ವಲ್ಪವೇ ಬಿಗಿ ಮಾಡಿರಿ. ಅತಿಯಾಗಿ ಬಿಗಿದರೆ ಶಾಫ್ಟು ಕಾದು ಸವೆಯುತ್ತದೆ. ಸರಿಯಾದ ಅಳತೆಯ ಪ್ಯಾಕಿಂಗ್ ಹಗ್ಗ ಮತ್ತು ಅದನ್ನು ಹೊರತೆಗೆಯುವ ಕೊಕ್ಕೆ ದೋಣಿಯಲ್ಲಿರಬೇಕು.

ದೋಣಿಯ ತಳದಲ್ಲಿರುವ ಪ್ರತಿಯೊಂದು ಕವಾಟದ ಪಕ್ಕದಲ್ಲಿ ಅದರ ಅಳತೆಗೆ ಕೆತ್ತಿದ, ತುದಿ ಚೂಪಾದ ಮೆದುಮರದ ಬಿರಡೆಯೊಂದನ್ನು ದಾರದಿಂದ ಕಟ್ಟಿಡಿರಿ. ಹೋಸು ಕಿತ್ತುಹೋದಾಗ ಹುಡುಕಲು ಸಮಯವಿರುವುದಿಲ್ಲ. ಕೈಯಿಂದ ನಡೆಸುವ ಪಂಪು ಮತ್ತು ಎರಡು ಬಕೆಟ್ಟುಗಳು ಎಂಜಿನ್ನಿನ ಹಂಗಿಲ್ಲದೆ ನೀರು ಹೊರಹಾಕಲು ಬೇಕು. ಚುಕ್ಕಾಣಿಯ ಸರಪಳಿಗೆ ಜೋಡಣೆ ಕೊಂಡಿಗಳನ್ನೂ, ಹೈಡ್ರಾಲಿಕ್ ವ್ಯವಸ್ಥೆಯಿದ್ದರೆ ಅದರ ಎಣ್ಣೆಯನ್ನೂ, ತುರ್ತು ಚುಕ್ಕಾಣಿ ಹಿಡಿಯನ್ನೂ ಇಟ್ಟುಕೊಳ್ಳಿರಿ.

ಪ್ರೊಪೆಲ್ಲರಿಗೆ ಬಲೆ ಅಥವಾ ಹಗ್ಗ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಚಾಲೂ ಮಾಡುವ ಕೀಲಿಯನ್ನು ತಾಂಡೇಲರು ತಮ್ಮ ಬಳಿಯೇ ಇಟ್ಟುಕೊಳ್ಳಬೇಕು. ಉದ್ದನೆಯ ಕೋಲಿಗೆ ಕಟ್ಟಿದ ಕತ್ತಿಯಿಂದ ಮೇಲಿನಿಂದಲೇ ಕತ್ತರಿಸಲು ಮೊದಲು ಪ್ರಯತ್ನಿಸಿರಿ. ಅಲೆ ಜೋರಾಗಿರುವಾಗ ಯಾರನ್ನೂ ನೀರಿಗಿಳಿಸಬಾರದು. ಹೊಯ್ದಾಡುವ ದೋಣಿಯ ಹಿಂಭಾಗ ತಲೆಗೆ ಬಡಿದು ಪ್ರಾಣಾಪಾಯವಾಗುತ್ತದೆ. ಅಂಥ ಸಮಯದಲ್ಲಿ ಇನ್ನೊಂದು ದೋಣಿಯಿಂದ ಎಳೆಸಿಕೊಂಡು ಬರುವುದೇ ಲೇಸು. ಅದಕ್ಕಾಗಿ ಗಟ್ಟಿಯಾದ ಎಳೆಹಗ್ಗವೊಂದು ಪ್ರತ್ಯೇಕವಾಗಿರಲಿ.

ಬೆಂಕಿಯ ಮುನ್ನೆಚ್ಚರಿಕೆ

ಒಣಪುಡಿಯ ಅಗ್ನಿಶಾಮಕವನ್ನು ಎಂಜಿನ್ ಕೋಣೆಯ ಒಳಗಲ್ಲ, ಬಾಗಿಲಿನ ಹೊರಗೆ ತೂಗುಹಾಕಿರಿ. ಡೀಸೆಲ್ ಬೆಂಕಿಗೆ ನೀರು ಸುರಿಯಬಾರದು. ಟ್ಯಾಂಕಿನ ಕವಾಟ ಎಲ್ಲಿದೆ, ಅದನ್ನು ಹೇಗೆ ಮುಚ್ಚಬೇಕು ಎಂಬುದು ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ತಿಳಿದಿರಬೇಕು.

ಸಂಗ್ರಹಣೆ ಮತ್ತು ನಿರ್ವಹಣೆ

- ಕಬ್ಬಿಣದ ಪೆಟ್ಟಿಗೆಗಿಂತ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆ ಉತ್ತಮ. ಹತ್ಯಾರುಗಳನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಡಿರಿ.
- ಬಿಡಿಭಾಗಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಗಾಳಿಯಾಡದ ಚೀಲಗಳಲ್ಲಿ ಇಟ್ಟು ಹೆಸರು ಬರೆಯಿರಿ. ರಬ್ಬರ್ ವಸ್ತುಗಳನ್ನು ಬಿಸಿಲು ಮತ್ತು ಡೀಸೆಲಿನಿಂದ ದೂರವಿಡಿರಿ.
- ಪೆಟ್ಟಿಗೆ ಉರುಳದಂತೆ ಕಟ್ಟಿರಬೇಕು. ಕತ್ತಲೆಯಲ್ಲಿಯೂ ಕೈಗೆ ಸಿಗುವಂತಿರಬೇಕು.
- ಬಳಸಿದ ಬಿಡಿಭಾಗದ ಬದಲಿಗೆ ಹೊಸದನ್ನು ಮುಂದಿನ ಪಯಣಕ್ಕೆ ಮೊದಲೇ ತಂದಿಡಿರಿ.

ಜೂನ್ 1 ರಿಂದ ಜುಲೈ 31 ರವರೆಗಿನ 61 ದಿನಗಳ ಮೀನುಗಾರಿಕಾ ನಿಷೇಧದ ಅವಧಿಯು ಪೂರ್ಣ ತಪಾಸಣೆಗೆ ಸೂಕ್ತ ಕಾಲ. ಟ್ಯಾಂಕಿನ ತಳ ಶುಚಿಗೊಳಿಸುವುದು, ಹೋಸುಗಳನ್ನು ಬದಲಿಸುವುದು, ತಳದ ಕವಾಟಗಳನ್ನು ಸಡಿಲಗೊಳಿಸಿ ಗ್ರೀಸ್ ಹಾಕುವುದು ಇವೆಲ್ಲ ಆಗಲೇ ಮುಗಿಯಬೇಕು. ನಂತರದ ದಿನಗಳಲ್ಲಿ ಪ್ರತಿ ಪಯಣಕ್ಕೂ ಮುನ್ನ ಎಣ್ಣೆ, ನೀರು, ಬೆಲ್ಟ್, ಬ್ಯಾಟರಿ ಮತ್ತು ಫಿಲ್ಟರ್ ತಳದಲ್ಲಿ ನಿಂತ ನೀರು ಈ ಐದನ್ನು ನೋಡಿದರೆ ಸಾಕು.

ವಿಸ್ತರಣಾ ಕಾರ್ಯಕರ್ತರಿಗೆ

ಬಂದರಿನಲ್ಲಿ ತರಬೇತಿ ನಡೆಸುವಾಗ ಪಟ್ಟಿ ಹಂಚಿ ಮುಗಿಸದೆ, ಫಿಲ್ಟರ್ ಬದಲಿಸಿ ಗಾಳಿ ತೆಗೆಯುವ ಕೆಲಸವನ್ನು ಮೀನುಗಾರರ ಕೈಯಿಂದಲೇ ಮಾಡಿಸಿರಿ. ಎಂಜಿನ್ ನೋಡಿಕೊಳ್ಳುವವರು ಗಾಯಗೊಂಡರೆ ದೋಣಿ ಅಸಹಾಯಕವಾಗಬಾರದು. ಆದ್ದರಿಂದ ಪ್ರತಿ ದೋಣಿಯಿಂದ ಕನಿಷ್ಠ ಇಬ್ಬರು ಈ ಕೆಲಸವನ್ನು ಕಲಿಯಬೇಕು. ಟಾರ್ಚಿನ ಬೆಳಕಿನಲ್ಲಿ ಒಮ್ಮೆ ಅಭ್ಯಾಸ ಮಾಡಿಸುವುದು ಇನ್ನೂ ಒಳ್ಳೆಯದು.

ನೆರವು ಬೇಕಾದಾಗ

ಅರ್ಧ ಗಂಟೆಯ ಪ್ರಯತ್ನದಿಂದಲೂ ದೋಷ ನಿವಾರಣೆಯಾಗದಿದ್ದರೆ, ಅಥವಾ ನೀರು ಏರುತ್ತಿದ್ದರೆ, ದೋಣಿ ದಡದತ್ತ ತೇಲುತ್ತಿದ್ದರೆ ಕೂಡಲೇ ನೆರವು ಕೋರಿರಿ. ವಿ.ಎಚ್.ಎಫ್. ವೈರ್‌ಲೆಸ್ಸಿನ 16ನೇ ಚಾನೆಲ್ ತುರ್ತು ಕರೆಗಾಗಿಯೇ ಇದೆ. ಫೋನ್ ಸಂಪರ್ಕ ಸಿಗುವಲ್ಲಿ ಭಾರತೀಯ ತಟರಕ್ಷಕ ಪಡೆಯ 1554 ಅಥವಾ ಕರಾವಳಿ ಕಾವಲು ಪೊಲೀಸ್ ಸಹಾಯವಾಣಿ 1093 ಕ್ಕೆ ಕರೆ ಮಾಡಿರಿ. ದೋಣಿಯ ಹೆಸರು, ಸ್ಥಾನ, ಜನರ ಸಂಖ್ಯೆ ಮತ್ತು ತೊಂದರೆಯ ಸ್ವರೂಪ ಈ ನಾಲ್ಕನ್ನು ಸ್ಪಷ್ಟವಾಗಿ ತಿಳಿಸಿರಿ. ಈ ಸಂಖ್ಯೆಗಳನ್ನು ಹತ್ಯಾರು ಪೆಟ್ಟಿಗೆಯ ಮುಚ್ಚಳದ ಒಳಭಾಗದಲ್ಲಿ ಬರೆದಿಡಿರಿ.