ಕಾಕಾನ ಫಿಯಾಟು ಮತ್ತು ನ್ಯಾಯದ ಬೆಲೆ

ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. ಬಾಡಿಗೆ ಮನೆ, ರಿಕ್ಷಾ, ಗಣಪತಿ ವರ್ಗಣಿ, ಎಲ್ಲದರಲ್ಲೂ ಚೌಕಾಸಿ ಮಾಡಿ ಪಳಗಿದವನು ನಾನು. ಆದರೂ ಹೋದ ವರ್ಷ ಮೂರನೇ ಮಹಡಿಯ ಕಾಕೂ ಕೇಳಿದ ಪ್ರಶ್ನೆಗೆ ತಕ್ಷಣ ಉತ್ತರ ಹೊಳೀಲಿಲ್ಲ.

"ಗಾಡಿಗೆ ಎಷ್ಟ್ ಕೇಳಬೇಕೋ? ಭಾಳ ಕೇಳಿದ್ರ ಮಂದಿ ನಗತಾರ. ಕಡಿಮಿ ಕೇಳಿದ್ರ ಅವರಿಗೆ ಅವಮಾನ."

ಅವರು ಅಂದ್ರೆ ತೀರಿಹೋದ ಕಾಕಾ. ಧಾರವಾಡದವರು, ಪಿಂಪ್ರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗಾಡಿ ಅಂದ್ರೆ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಹೊದಿಕೆ ಹೊದ್ದು ನಿಂತಿದ್ದ 1973ರ ಫಿಯಾಟ್ 1100. 1967ರಲ್ಲಿ ಬುಕ್ ಮಾಡಿದ್ದಂತೆ, ಕೈಗೆ ಬರೋ ಹೊತ್ತಿಗೆ ದೊಡ್ಡ ಮಗಳು ಶಾಲೆಗೆ ಹೋಗ್ತಿದ್ದಳು. ಕೊನೆಯ ನಾಲ್ಕು ವರ್ಷ ಕಾಕಾ ಅದನ್ನ ಪೂರ್ತಿ ಬಿಚ್ಚಿಸಿ, ತುಕ್ಕು ಹಿಡಿದ ಪತ್ರಾ ಕತ್ತರಿಸಿ ಹಾಕಿಸಿ, ಹೊಸದರ ಹಾಗೆ ಮಾಡಿಸಿದ್ದರು. ಈಗ ಕಾಕೂ ಧಾರವಾಡಕ್ಕೆ ತಮ್ಮನ ಹತ್ತಿರ ಹೊರಟಿದ್ದರು. ಮೊಣಕಾಲಿನ ಆಪರೇಷನ್ನಿಗೆ ದುಡ್ಡು ಬೇಕಿತ್ತು.

ನಾನು ಹಳೇ ವಿಷಯ ಕೆದಕೋ ಹುಚ್ಚಿನವನು ಅಂತ ಇಲ್ಲಿಗೆ ಬರೋ ನಿಮಗೆ ಗೊತ್ತೇ ಇದೆ. ಬೆಲೆ ಹುಡುಕೋಕೆ ಹೋಗಿ ಇತಿಹಾಸದಲ್ಲಿ ಸಿಕ್ಕಿಹಾಕಿಕೊಂಡೆ.

ಈ ಕಾರು ಬೆಂಗಳೂರಿನಲ್ಲಿ ತಯಾರಾಗಬಹುದಿತ್ತು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಇದೇ ಪುಣೆಯಲ್ಲಿ, 1883ರಲ್ಲಿ ಪಾಸಾದರು. ನಾವು ದಿನಾ ನೀರು ಕುಡಿಯೋ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ತಾನೇ ತೆರೆದು ಮುಚ್ಚೋ ಗೇಟು ಕೂರಿಸಿದ್ದೂ ಅವರೇ. ಎಪ್ಪತ್ತೈದರ ಹತ್ತಿರದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪು ಅಮೆರಿಕಾ ಸುತ್ತಿ ಕಾರ್ಖಾನೆಗಳನ್ನ ನೋಡಿ ಬಂದು, ಭಾರತದಲ್ಲೇ ಕಾರು ಮಾಡೋ ಯೋಜನೆ ಬರೆದರು. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಮೈಸೂರು ಸಂಸ್ಥಾನ ಸಹಾಯಕ್ಕೆ ಸಿದ್ಧವಿತ್ತು, ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ತಮಾಷೆ ನೋಡಿ, ಅದೇ ವಾಲ್‌ಚಂದರು ಅದೇ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಲ್ಲಿ ವಿಮಾನದ ಕಾರ್ಖಾನೆ ಶುರು ಮಾಡಿದರು. ಅದೇ ಮುಂದೆ ಎಚ್‌ಎಎಲ್. ಯುದ್ಧಕ್ಕೆ ವಿಮಾನ ಬೇಕಿತ್ತು, ಕಾರು ಬೇಕಿರಲಿಲ್ಲ. ಕಾರಿನ ಕಂಪನಿ, ಅಂದ್ರೆ ಪ್ರೀಮಿಯರ್ ಆಟೊಮೊಬೈಲ್ಸ್, 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಕಾರ್ಖಾನೆ ಕುರ್ಲಾದಲ್ಲಿ.

ಮೊದಲು ಡಾಡ್ಜ್, ಪ್ಲಿಮತ್, ಡಿಸೋಟೊ. ಆಮೇಲೆ ಐವತ್ತರ ದಶಕದಲ್ಲಿ ಇಟಲಿಯ ಫಿಯಾಟ್. ಆಗಿನ ಗುಂಡುಗುಂಡು ಫಿಯಾಟಿಗೆ ಪುಣೆಯವರು ಇವತ್ತಿಗೂ 'ಡುಕ್ಕರ್ ಫಿಯಾಟ್' ಅಂತಾರೆ. ಡುಕ್ಕರ್ ಅಂದ್ರೆ ಹಂದಿ! ಹೆಸರು ಹಂದಿಯದಾದ್ರೂ ಸಂಗ್ರಹಕಾರರು ಮುಗಿಬೀಳೋದು ಅದಕ್ಕೇ. ಕಾಕಾನದು ಅದರ ನಂತರದ ಮಾದರಿ, 1089 ಸಿಸಿ ಇಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಎಪ್ಪತ್ತರ ದಶಕದ ನಡುವಿನಲ್ಲಿ ಫಿಯಾಟ್ ಹೆಸರು ಹೋಗಿ ಅದೇ ಕಾರು ಪ್ರೀಮಿಯರ್ ಪದ್ಮಿನಿ ಆಯ್ತು.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಕೊಂಡ ಫಿಯಾಟಿನ ಬೆಲೆ 12,000 ರೂಪಾಯಿ. ಪ್ರಧಾನಿಯ ಹತ್ತಿರ ಇದ್ದದ್ದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ ಮಾಡಿದರು. 1966ರಲ್ಲಿ ಅವರು ತೀರಿಕೊಂಡ ಮೇಲೆ ಆ ಸಾಲವನ್ನ ಅವರ ಹೆಂಡತಿ ಲಲಿತಾ ಅವರು ಪಿಂಚಣಿಯಲ್ಲಿ ತೀರಿಸಿದರು. ಇದನ್ನ ಹೇಳಿದಾಗ ಕಾಕೂ "ನೋಡು, ಗಂಡಸರ ಗಾಡಿ ಲೆಕ್ಕ ಕಡೀಕ ಹೆಂಗಸರ ತಲಿಮ್ಯಾಲೇ ಬರತದ" ಅಂದರು. :-)

ಪಟ್ಟಿಯಲ್ಲಿದ್ದ ಬೆಲೆಗೂ ಮಾರುಕಟ್ಟೆಯ ಬೆಲೆಗೂ ಆಗ ಸಂಬಂಧವೇ ಇರಲಿಲ್ಲ. ಬೇಡಿಕೆ ಜಾಸ್ತಿ, ಸರ್ಕಾರ ಇಷ್ಟೇ ತಯಾರಿಸಿ ಅಂತ ಲೈಸೆನ್ಸ್ ಕೊಟ್ಟದ್ದು ಕಡಿಮೆ. ಹಾಗಾಗಿ ಓಡಿಸಿದ ಕಾರು ಹೊಸ ಕಾರಿಗಿಂತ ದುಬಾರಿ. ಮೇಲೆ ಕೊಡೋ ಕಪ್ಪು ಹಣಕ್ಕೆ ಈ ಕಡೆ 'ಆನ್' ಅಂತಿದ್ರು. ಕಾಕಾಗೂ ಎರಡು ವರ್ಷ ಮಾರಬಾರದು ಅಂತ ಬರೆಸಿಕೊಂಡು ಗಾಡಿ ಕೊಟ್ಟಿದ್ದರಂತೆ. ಎರಡು ವರ್ಷ ಮುಗಿದ ವಾರವೇ ಒಬ್ಬ ವ್ಯಾಪಾರಿ ಬಾಗಿಲು ಬಡಿದನಂತೆ. ಕಾಕಾ ಚಹಾ ಕುಡಿಸಿ ಕಳಿಸಿದರು.

ನನಗೆ ಬಹಳ ಹಿಡಿಸಿದ್ದು ಮಾತ್ರ ಸುಪ್ರೀಂ ಕೋರ್ಟಿನ ಕಥೆ. 1969ರಲ್ಲಿ ಸರ್ಕಾರ ಅಂಬಾಸಿಡರ್, ಫಿಯಾಟ್, ಸ್ಟ್ಯಾಂಡರ್ಡ್ ಮೂರಕ್ಕೂ ತಾನೇ ಬೆಲೆ ಕಟ್ಟಿತು. ಕಂಪನಿಗಳು ಕೋರ್ಟಿಗೆ ಹೋದವು. ಕೋರ್ಟಿನ ಮಾತಿನಂತೆ ಒಂದು ಆಯೋಗವೇ ಕೂತು ಕಾರಿನ ಖರ್ಚನ್ನ ಬಾಬತ್ತು ಬಾಬತ್ತಾಗಿ ಅಳೆಯಿತು. 1971ರ ನವೆಂಬರಿನಲ್ಲಿ ತೀರ್ಪು. ಪ್ರಶ್ನೆ ಇದ್ದದ್ದು ಕಾನೂನಿನಲ್ಲಿರೋ 'ನ್ಯಾಯದ ಬೆಲೆ' ಅಂದ್ರೆ ಏನು ಅಂತ. ಖರ್ಚು ಹುಟ್ಟಬೇಕು, ಒಂದಿಷ್ಟು ಲಾಭವೂ ಇರಬೇಕು, ಆದರೆ ಮಾಡಿದವನ ಖರ್ಚೆಲ್ಲ ಕಣ್ಣುಮುಚ್ಚಿ ಕೊಳ್ಳುವವನ ಮೇಲೆ ಹೇರೋ ಹಾಗಿಲ್ಲ, ಎರಡೂ ಕಡೆ ನೋಡಬೇಕು ಅನ್ನೋದು ಅದರ ಸಾರ. ದೇಶದ ದೊಡ್ಡ ಕೋರ್ಟು ತಲೆ ಕೆಡಿಸಿಕೊಂಡ ಅದೇ ಫಿಯಾಟಿಗೆ ಐವತ್ತು ವರ್ಷದ ಮೇಲೆ ನಾನು ಅಡುಗೆಮನೆ ಮೇಜಿನ ಮೇಲೆ ಬೆಲೆ ಕಟ್ಟುತ್ತಾ ಕೂತಿದ್ದೆ.

ನನ್ನ ಹತ್ತಿರ ಆಯೋಗದ ಬದಲು ಕಾಕಾನ ಡೈರಿ ಇತ್ತು. ಅಚ್ಚುಕಟ್ಟು ಕನ್ನಡದಲ್ಲಿ ಪೈಸೆ ಪೈಸೆ ಲೆಕ್ಕ. ನಾನಾ ಪೇಠೆಯಲ್ಲಿ ತಂದ ಬ್ರೇಕಿನ ಸಾಮಾನು, ಜೂನಾ ಬಜಾರಿನಲ್ಲಿ ಮೂರು ಭಾನುವಾರ ಅಲೆದು ಸಿಕ್ಕ ಹಿಂದಿನ ದೀಪ, ಬಂಪರಿಗೆ ಕ್ರೋಮ್, ಸೀಟಿನ ಹೊಲಿಗೆ, ಮಿಸ್ತ್ರಿಗೆ ವಡಾಪಾವ್ ಕೂಡಾ. ಒಟ್ಟು 3,86,000. ಕಾಕೂ ಅದಕ್ಕೇ 4.5 ಲಕ್ಷ ಕೇಳೋಣ ಅಂತಿದ್ದರು. ಜಾಹೀರಾತುಗಳಲ್ಲಿ ಆ ಬೆಲೆ ಕಾಣುತ್ತೂ ಇತ್ತು. ಆದರೆ ಜಾಹೀರಾತಿನಲ್ಲಿ ಇರೋದು ಕೇಳೋ ಬೆಲೆ. ನಾನು ಎಂಟು ಜನಕ್ಕೆ ಫೋನ್ ಮಾಡಿ ಕೊನೆಗೆ ಎಷ್ಟಕ್ಕೆ ಹೋಯ್ತು ಅಂತ ಕೇಳಿದೆ. ಇಬ್ಬರದು ಮಾತ್ರ ಮಾರಿತ್ತು, ಎರಡೂ 3 ಲಕ್ಷದ ಒಳಗೆ.

ಅಷ್ಟರಲ್ಲಿ ಮುಂಬಯಿಯಿಂದ ಒಬ್ಬ ಹುಡುಗ ಬಂದ. ಅವನ ಅಪ್ಪ ಪದ್ಮಿನಿ ಟ್ಯಾಕ್ಸಿ ಓಡಿಸಿದವರು. 2023ರ ಅಕ್ಟೋಬರ್ 30ಕ್ಕೆ ಮುಂಬಯಿ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿಗಳು ಹೋದ ಮೇಲೆ ಅಪ್ಪನಿಗೆ ಒಂದು ಫಿಯಾಟ್ ಕೊಡಿಸೋ ಆಸೆ. ಗಾಡಿ ಸುತ್ತ ಎರಡು ಸುತ್ತು ಬಂದು 4 ಲಕ್ಷಕ್ಕೆ ಒಪ್ಪೇಬಿಟ್ಟ. ವಿಂಟೇಜ್ ನೋಂದಣಿ ಮಾಡಿಸ್ತೀನಿ, ಐವತ್ತು ವರ್ಷ ದಾಟಿದೆಯಲ್ಲ ಅಂದ. 2021ರಲ್ಲಿ ಬಂದ ನಿಯಮ ಅದು, ನಂಬರಿನಲ್ಲಿ 'ವಿಎ' ಅಂತ ಇರುತ್ತೆ.

ನನಗೆ ಹೊಟ್ಟೆಯಲ್ಲಿ ಕಸಿವಿಸಿ. ಆ ನಿಯಮಕ್ಕೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು. ಡೈರಿಯ ಹಿಂದಿನ ಪುಟಗಳಲ್ಲಿ 1991ರ ಒಂದು ಸಾಲು ನಾನು ಓದಿದ್ದೆ: ಬ್ಲಾಕ್ ಬಿರುಕು, ಪದ್ಮಿನಿಯ ಇಂಜಿನ್ ಹಾಕಿಸಿದೆ, ಆರ್‌ಸಿಯಲ್ಲಿ ನಮೂದು. ಕಾಗದ ಎಲ್ಲ ಸರಿ, ಮುಚ್ಚಿಟ್ಟದ್ದೇನೂ ಇಲ್ಲ. ಆದರೆ ಹುಡುಗ ಆರ್‌ಸಿ ನೋಡಿದವನು ಹೆಸರು, ವರ್ಷ ಮಾತ್ರ ನೋಡಿದ್ದ.

ಕಾಕೂನ ಒಳಗೆ ಕರೆದು ಹೇಳಿದೆ. ಹೇಳಿದ್ರೆ ಲಕ್ಷ ರೂಪಾಯಿ ಹೋಗಬಹುದು, ಮೊಣಕಾಲಿನ ದುಡ್ಡು ಅದು ಅಂತಲೂ ಹೇಳಿದೆ. ನಿಜ ಹೇಳಬೇಕಂದ್ರೆ, ಸುಮ್ಮನಿರು ಅನ್ನಲಿ ಅಂತ ಒಳಗೊಳಗೇ ಕಾಯ್ತಿದ್ದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

"ಅವರು ಬರದಿಟ್ಟಾರಲ್ಲ. ಯಾರೋ ಓದಲಿ ಅಂತನ ಬರದಿರಬೇಕು. ಡೈರಿ ಅವನ ಕೈಯಾಗ ಕೊಡು."

ಹುಡುಗನಿಗೆ ಕನ್ನಡ ಬರಲ್ಲ, ನಾನೇ ಓದಿ ಮರಾಠಿಯಲ್ಲಿ ಹೇಳಿದೆ. ಅವನ ಮುಖ ಇಳಿಯಿತು. ಹೊರಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದ, ಹತ್ತು ನಿಮಿಷ ಮಾತಾಡಿದ. ವಾಪಸ್ ಬಂದು 2.9 ಲಕ್ಷ ಅಂದ. ನಾನು 3.2 ಅಂದೆ, ಡೆಂಟಿಂಗ್ ಕೆಲಸದ ಫೋಟೋ ಎಲ್ಲ ತೋರಿಸಿದೆ. ಮೂರಕ್ಕೆ ನಿಂತಿತು. ಅವನ ಅಪ್ಪ ಕೇಳಿದ್ದು ಒಂದೇ ಮಾತಂತೆ: ಪದ್ಮಿನಿ ಇಂಜಿನ್ನಾ? ಹಾಗಾದ್ರೆ ರಿಪೇರಿ ನನಗೇ ಬರುತ್ತೆ.

ಮುಂದಿನ ಭಾನುವಾರ ಅಪ್ಪ ಮಗ ಇಬ್ಬರೂ ಬಂದು ಗಾಡಿ ಒಯ್ದರು. ಮುದುಕರೇ ಓಡಿಸಿದರು, ಗೇರು ಹಾಕುವಾಗ ಕೈ ತಡವರಿಸಲೇ ಇಲ್ಲ. ಡೈರಿಯ ಗಾಡಿ ಪುಟಗಳನ್ನ ನಾನು ಜೆರಾಕ್ಸ್ ಮಾಡಿಸಿ ಕೊಟ್ಟೆ, ಮೂಲ ಕಾಕೂ ಜೊತೆ ಧಾರವಾಡಕ್ಕೆ ಹೋಯಿತು. ಪಾರ್ಕಿಂಗಿನ ಆ ಜಾಗಕ್ಕೆ ಈಗ ಸೊಸೈಟಿಯಲ್ಲಿ ನಾಲ್ಕು ಅರ್ಜಿ ಬಂದಿವೆ.