ಪಾಸಿಂಗ್ ಎಂಬ ಪರೀಕ್ಷೆ, ಕೆಂಪು ದೀಪವೆಂಬ ಎಚ್ಚರಿಕೆ



ನಮ್ಮ ಗಡಿಭಾಗದಲ್ಲಿ ‘ಪಾಸಿಂಗ್’ ಎಂಬ ಶಬ್ದವನ್ನು ಕೇಳದ ವಾಹನ ಮಾಲೀಕನಿಲ್ಲ. ‘ಗಾಡಿ ಕೆ.ಎ. ಪಾಸಿಂಗೋ, ಎಂ.ಎಚ್. ಪಾಸಿಂಗೋ’ ಎಂದರೆ ನೋಂದಣಿ ಯಾವ ರಾಜ್ಯದ್ದು ಎಂದರ್ಥ. ‘ಗಾಡಿ ಪಾಸಿಂಗಿಗೆ ಬಂದಿದೆ’ ಎಂದರೆ ಆರ್.ಟಿ.ಓ. ಕಚೇರಿಯಲ್ಲಿ ಅದರ ಯೋಗ್ಯತೆ ಪರೀಕ್ಷಿಸಿಕೊಳ್ಳುವ ಕಾಲ ಬಂತು ಎಂದರ್ಥ. ದಕ್ಷಿಣದ ಜಿಲ್ಲೆಗಳವರು ಇದನ್ನೇ ಎಫ್.ಸಿ. ಎನ್ನುತ್ತಾರೆ. ಈ ಪರೀಕ್ಷೆಗೂ, ಚಾಲಕನ ಎದುರು ಉರಿಯುವ ಬ್ರೇಕಿನ ಕೆಂಪು ದೀಪಕ್ಕೂ ಒಂದೊಂದು ಇತಿಹಾಸವಿದೆ. ಎರಡನ್ನೂ ಕೂಡಿಸಿ ನೋಡಿದರೆ ನಮಗೆ ಬೇಕಾದ ಒಂದು ಪಾಠವೂ ಇದೆ.

ಮೋಟಾರು ಬರುವ ಮೊದಲೂ ಇಳಿಜಾರಿನ ಭಯವಿತ್ತು. ಚಕ್ಕಡಿಯ ಗಾಲಿಗೆ ಮರದ ತುಂಡನ್ನು ಒತ್ತಿ ಎತ್ತುಗಳ ಮೇಲೆ ಭಾರ ಬೀಳದಂತೆ ತಡೆಯುತ್ತಿದ್ದರು. ಮೋಟಾರು ಬಂದ ಮೇಲೆ ಕಾನೂನೂ ಬಂತು. ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯ್ದೆ 1914ರದು. ಬಾಡಿಗೆಗೆ ಓಡುವ ಸಾರಿಗೆ ವಾಹನಗಳಿಗೆ ಯೋಗ್ಯತಾ ಪತ್ರ ಬೇಕೆಂದು 1939ರ ಕಾಯ್ದೆ ವಿಧಿಸಿತು. ಆಗ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದಲ್ಲಿದ್ದವು; ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1949ರಲ್ಲಿ ಆ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಇಂದು ಜಾರಿಯಲ್ಲಿರುವ ಕಾಯ್ದೆ 1988ರದು. ಅದು 1989ರ ಜುಲೈ 1ರಿಂದ ಜಾರಿಗೆ ಬಂತು. ಆ ಬಳಿಕವೇ ‘ಕೆ.ಎ.’ ಎಂಬ ಅಕ್ಷರಗಳು ಬಂದವು. ಚಿಕ್ಕೋಡಿಯ ಪಾಲಿಗೆ 23 ಎಂಬ ಸಂಖ್ಯೆ ದೊರೆಯಿತು. ಈಗಿನ ನಿಯಮದಂತೆ ಸಾರಿಗೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಪಾಸಿಂಗ್ ಆಗಬೇಕು. ಸ್ವಂತ ಕಾರಿಗೆ ಹದಿನೈದು ವರ್ಷ ತುಂಬಿದಾಗ ಪರೀಕ್ಷೆ. ತೇರ್ಗಡೆಯಾದರೆ ಮತ್ತೆ ಐದು ವರ್ಷ ನೋಂದಣಿ.

ಇನ್ನು ಬ್ರೇಕಿನ ಕಥೆ. ಮೊದಲ ಕಾರುಗಳಲ್ಲಿ ಸರಳು, ತಂತಿಗಳ ಮೂಲಕ ಬ್ರೇಕು ಎಳೆಯುತ್ತಿದ್ದರು. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಪಿಸಿದ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ದ್ರವದ ಒತ್ತಡದಿಂದ ಕೆಲಸ ಮಾಡುವ ಬ್ರೇಕನ್ನು ರೂಪಿಸಿದ. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗಳಿಗೆ ಅದು ಬಂತು. ವಿಜ್ಞಾನದ ತರಗತಿಯಲ್ಲಿ ಓದಿದ ಪಾಸ್ಕಲನ ನಿಯಮ ನಿಮಗೆ ನೆನಪಿರಬಹುದು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಕಾಲಿನ ಸಣ್ಣ ಒತ್ತಡ ನಾಲ್ಕೂ ಗಾಲಿಗಳಿಗೆ ಮುಟ್ಟುವುದು ಹೀಗೆ. ಆದರೆ ಇದರಲ್ಲಿ ಒಂದು ಅಪಾಯವಿತ್ತು. ಕೊಳವೆ ಒಂದೇ ಆಗಿದ್ದರೆ ಎಲ್ಲಿ ಸೋರಿದರೂ ನಾಲ್ಕೂ ಗಾಲಿಯ ಬ್ರೇಕು ಹೋಗುತ್ತಿತ್ತು. ನಮ್ಮ ಕಾಲದ ಮೊದಮೊದಲ ಅಂಬಾಸಡರ್, ಫಿಯಾಟ್‌ಗಳ ವ್ಯವಸ್ಥೆ ಇಂಥದೇ. ಪೆಡಲು ಮೆತ್ತಗಾದರೆ ಚಾಲಕನು ಪಂಪು ಹೊಡೆದು ನೋಡಬೇಕು. ಎಚ್ಚರಿಕೆ ಅವನ ಪಾದದಲ್ಲಿಯೇ ಇತ್ತು.

ಈ ಅಪಾಯವನ್ನು ತಪ್ಪಿಸಲು ಕೊಳವೆಯನ್ನು ಎರಡು ಭಾಗ ಮಾಡಿದರು. ಒಂದು ಭಾಗ ಒಡೆದರೂ ಇನ್ನೊಂದು ಕೆಲಸ ಮಾಡುತ್ತದೆ. ಆದರೆ ಅರ್ಧ ಬ್ರೇಕಿನಲ್ಲಿ ಓಡುತ್ತಿದ್ದೇನೆಂದು ಚಾಲಕನಿಗೆ ತಿಳಿಯುವುದು ಹೇಗೆ? ಅದಕ್ಕಾಗಿ ಬಂದದ್ದೇ ಕೆಂಪು ದೀಪ. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಅದು ಕಡ್ಡಾಯವಾಯಿತು. ಈಗಿನ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಎಳೆದಿದ್ದರೂ, ಬ್ರೇಕ್ ಆಯಿಲ್ ಕಡಿಮೆಯಾದರೂ ಅದೇ ದೀಪ ಉರಿಯುತ್ತದೆ. ಆಯಿಲ್ ಇಳಿಯುವುದು ಸೋರಿಕೆಯಿಂದ ಮಾತ್ರವಲ್ಲ. ಬ್ರೇಕ್ ಪ್ಯಾಡು ಸವೆದಂತೆ ಒಳಗಿನ ಪಿಸ್ಟನ್ ಮುಂದೆ ಸರಿಯುತ್ತದೆ, ಆ ಜಾಗವನ್ನು ತುಂಬಲು ಡಬ್ಬಿಯ ಆಯಿಲ್ ಕೆಳಗಿಳಿಯುತ್ತದೆ. ಕಾರಣ ಹುಡುಕದೆ ಆಯಿಲ್ ತುಂಬಿ ಸುಮ್ಮನಾಗುವುದು ಜ್ವರಕ್ಕೆ ಔಷಧ ಕೊಡದೆ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದಂತೆ.

ಕೆಲವು ವರ್ಷಗಳ ಹಿಂದೆ ನನ್ನ ಬಂಧುವೊಬ್ಬರ ಹಳೆಯ ಕಾರು ಪಾಸಿಂಗಿಗೆ ಬಂದಿತ್ತು. ಕೆಂಪು ದೀಪ ಆರುತ್ತಿರಲಿಲ್ಲ. ಒಂದು ಗ್ಯಾರೇಜಿನವರು ‘ಬಲ್ಬು ತೆಗೆದುಬಿಡೋಣ, ಪಾಸಿಂಗ್ ಆದ ಮೇಲೆ ನೋಡೋಣ’ ಎಂದರಂತೆ. ಬಂಧುಗಳು ಒಪ್ಪದೆ ಗಾಲಿ ಬಿಚ್ಚಿಸಿದರು. ಹಿಂದಿನ ಗಾಲಿಯೊಳಗೆ ಆಯಿಲ್ ಸೋರಿ ಲೈನರುಗಳೆಲ್ಲ ತೊಯ್ದಿದ್ದವು. ಅದೇ ವಾರ ಅವರು ಹೆಂಡತಿ ಮಕ್ಕಳೊಡನೆ ತವಂದಿ ಘಾಟ್ ಇಳಿಯುವವರಿದ್ದರು! ಅಂದಹಾಗೆ, ಬಲ್ಬು ತೆಗೆದರೂ ಮೋಸ ಮುಚ್ಚುವುದಿಲ್ಲ. ಸರಿಯಾದ ಕಾರಿನಲ್ಲಿ ಕೀಲಿ ತಿರುಗಿಸಿದಾಗ ದೀಪ ಒಮ್ಮೆ ಹತ್ತಿ ಆಮೇಲೆ ಆರುತ್ತದೆ. ಹತ್ತದಿರುವ ದೀಪವನ್ನು ತಿಳಿದವರು ಕೂಡಲೇ ಗುರುತಿಸುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಬ್ರೇಕು ಪ್ರತಿ ಸೆಕೆಂಡಿಗೆ 5 ಮೀಟರಿನಂತೆ ವೇಗ ತಗ್ಗಿಸಿದರೆ ಗಾಡಿ 10 ಮೀಟರಿನಲ್ಲಿ ನಿಲ್ಲುತ್ತದೆ. ವೇಗ 72 ಆದರೆ ಬೇಕಾದದ್ದು 20 ಅಲ್ಲ, 40 ಮೀಟರ್. ಅದೇ ವೇಗದಲ್ಲಿ ಬ್ರೇಕಿನ ಶಕ್ತಿ ಅರ್ಧವಾದರೆ 80 ಮೀಟರ್. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದಲೇ ಘಾಟಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕೆಂದು ಹಿರಿಯ ಚಾಲಕರು ಹೇಳುವುದು; ಸತತವಾಗಿ ಬ್ರೇಕು ತುಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಈ ಕಥೆಯಲ್ಲಿ ನಮ್ಮ ಕಬ್ಬಿನ ನಾಡಿಗೆ ಒಂದು ಚಿಂತೆ ಉಳಿದಿದೆ. ಈಗ ಕಾಗವಾಡ ತಾಲೂಕಿನಲ್ಲಿರುವ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 1939ರಲ್ಲಿ, ಯೋಗ್ಯತಾ ಪತ್ರದ ಕಾಯ್ದೆ ಬಂದ ವರ್ಷವೇ. ಇಂದು ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ರಸ್ತೆಯಲ್ಲಿರುತ್ತವೆ. ಕೃಷಿ ಟ್ರ್ಯಾಕ್ಟರು ಸಾರಿಗೆ ವಾಹನದ ವರ್ಗಕ್ಕೆ ಸೇರದ ಕಾರಣ ಲಾರಿಯಂತೆ ಪದೇ ಪದೇ ಪಾಸಿಂಗಿಗೆ ಬರುವುದಿಲ್ಲ. ಹಿಂದಿನ ಟ್ರೇಲರಿಗೆ ಬ್ರೇಕು ಇಲ್ಲದಿದ್ದರೆ ಅದರ ಭಾರವನ್ನೆಲ್ಲ ಟ್ರ್ಯಾಕ್ಟರಿನ ಬ್ರೇಕೇ ತಡೆಯಬೇಕು. ಅಲ್ಲಿ ಕೆಂಪು ದೀಪವೂ ಇಲ್ಲ, ಪರೀಕ್ಷಕನೂ ಇಲ್ಲ. ಒಕ್ಕಲಿಗನ ವಿವೇಕವೊಂದೇ ಕಾವಲು.

2021ರಲ್ಲಿ ಕೇಂದ್ರ ಸರಕಾರ ಯಂತ್ರಗಳಿಂದಲೇ ಪರೀಕ್ಷೆ ನಡೆಸುವ ಕೇಂದ್ರಗಳಿಗೆ ನಿಯಮ ಮಾಡಿತು. ಉರುಳೆಗಳ ಮೇಲೆ ಗಾಲಿ ನಿಲ್ಲಿಸಿ ಬ್ರೇಕಿನ ಬಲ ಅಳೆಯುವ ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಇದು ಸ್ವಾಗತಾರ್ಹವೇ. ಆದರೆ ಯಂತ್ರವೂ ಹೇಳುವುದು ಆ ದಿನದ ಸ್ಥಿತಿಯನ್ನು ಮಾತ್ರ. ಪಾಸಿಂಗ್ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಕೆಂಪು ದೀಪ ಪ್ರತಿದಿನ ನಮ್ಮನ್ನು ಪರೀಕ್ಷಿಸುತ್ತದೆ. ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಅದು ಉರಿಯುತ್ತಿದ್ದರೆ ಗಾಡಿಯನ್ನು ಬದಿಗೆ ನಿಲ್ಲಿಸಿರಿ, ಮುಂದಿನ ಊರಿನವರೆಗೆ ಎಂದು ಎಳೆಯಬೇಡಿರಿ. ನೀವೆಲ್ಲ ಸುಖವಾಗಿ ಮನೆ ಮುಟ್ಟಬೇಕೆಂಬುದೇ ನಿಮ್ಮ ಮಾಸ್ತರರ ಹಾರೈಕೆ.